ಗೀರಿನಲ್ಲಿ ಗುರುತು ಹಿಡಿದ ಮೋಹ್ಸ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ‘ಮೋಹ್ಸ್ ಗಡಸುತನ ಮಾಪಕ’ ಎಂದರೆ ಒಂದು ಅಂಕದ ಪ್ರಶ್ನೆ. ಒಂದಕ್ಕೆ ಟಾಲ್ಕ್, ಹತ್ತಕ್ಕೆ ವಜ್ರ ಎಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಭೂವಿಜ್ಞಾನದ ವಿದ್ಯಾರ್ಥಿಯಾದ ನನಗೆ ಆ ಪಟ್ಟಿಗಿಂತ ಅದನ್ನು ಮಾಡಿದವರ ಬದುಕು ಹೆಚ್ಚು ಕಲಿಸಿದೆ.

ಫ್ರೆಡ್ರಿಕ್ ಮೋಹ್ಸ್ ಹುಟ್ಟಿದ್ದು 1773ರಲ್ಲಿ, ಜರ್ಮನಿಯ ಗೆರ್ನ್‌ರೋಡ್‌ನಲ್ಲಿ. ಹಾಲೆ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ ಓದಿ, ಫ್ರೈಬರ್ಗ್‌ನ ಗಣಿ ಅಕಾಡೆಮಿಯಲ್ಲಿ ಹೆಸರಾಂತ ಅಬ್ರಹಾಂ ವರ್ನರ್ ಅವರ ಶಿಷ್ಯರಾದರು. ಇಷ್ಟೆಲ್ಲ ಓದಿ ಸೇರಿದ್ದು ಗಣಿಯೊಂದರ ಮೇಸ್ತ್ರಿ ಕೆಲಸಕ್ಕೆ. 1802ರಲ್ಲಿ ಆಸ್ಟ್ರಿಯಾಕ್ಕೆ ಹೋದಾಗ ಸಿಕ್ಕಿದ್ದು, ವಿಯೆನ್ನಾದ ಬ್ಯಾಂಕರ್ ಒಬ್ಬರು ಕೂಡಿಟ್ಟಿದ್ದ ಖನಿಜಗಳನ್ನು ಗುರುತಿಸಿ ಪಟ್ಟಿ ಮಾಡುವ ಕೆಲಸ.

ಗುರುತಿಸುವುದು ಸುಲಭವಲ್ಲ. ಒಂದೇ ಖನಿಜ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಬೇರೆ ಬೇರೆ ಖನಿಜಗಳು ಒಂದೇ ಬಣ್ಣದಲ್ಲಿರುತ್ತವೆ. ಆದ್ದರಿಂದ ಮೋಹ್ಸ್ ಹರಳಿನ ಆಕಾರ, ಗಡಸುತನ, ಸಾಂದ್ರತೆಗಳನ್ನು ನೆಚ್ಚಿದರು. 1812ರಲ್ಲಿ ಗ್ರಾಜ್ ನಗರದಲ್ಲಿ ಪ್ರಾಧ್ಯಾಪಕರಾದರು. ಅವರ ಮಾಪಕ ರೂಪುಗೊಂಡದ್ದೂ ಅದೇ ವರ್ಷ. ಗೀರಿ ನೋಡುವ ಪದ್ಧತಿ ಹಳೆಯದೇ. ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿ, ಮೇಲಿನದು ಕೆಳಗಿನದನ್ನು ಗೀರಬೇಕು ಎಂಬ ಕ್ರಮ ಕೊಟ್ಟಿದ್ದು ಅವರು.

ಟಾಲ್ಕ್, ಜಿಪ್ಸಮ್‌ಗಳನ್ನು ಉಗುರೇ ಗೀರುತ್ತದೆ. ಒಂದು ಮುಖದ ಪೌಡರ್ ಆಗುತ್ತದೆ, ಇನ್ನೊಂದು ಪ್ಲಾಸ್ಟರ್ ಆಫ್ ಪ್ಯಾರಿಸ್. ಟಾಲ್ಕ್ ಇರುವ ಬಳಪದ ಕಲ್ಲು ಮೃದುವಾದ್ದರಿಂದಲೇ ಬೇಲೂರು, ಹಳೇಬೀಡಿನಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಮೂರನೆಯ ಕ್ಯಾಲ್ಸೈಟ್ ಸಿಮೆಂಟಿಗೆ, ನಾಲ್ಕನೆಯ ಫ್ಲೋರೈಟ್ ಉಕ್ಕಿನ ಕುಲುಮೆಗೆ, ಐದನೆಯ ಅಪಟೈಟ್ ಗೊಬ್ಬರಕ್ಕೆ, ಆರನೆಯ ಫೆಲ್ಡ್‌ಸ್ಪಾರ್ ಪಿಂಗಾಣಿಗೆ ಬೇಕು. ಚಾಕು ಗೀರುವುದು ಐದರವರೆಗೆ. ಏಳನೆಯ ಬೆಣಚುಕಲ್ಲು ಗಾಜನ್ನೇ ಗೀರುತ್ತದೆ. ಜೇಬಿನ ಮರಳಿನಿಂದ ಮೊಬೈಲ್ ಪರದೆ ಹಾಳಾಗುವುದು ಇದಕ್ಕೇ. ಎಂಟನೆಯದು ಟೋಪಾಜ್. ಒಂಬತ್ತನೆಯ ಕುರುಂದ ಸಾಣೆ ಹಿಡಿಯಲು ಬಳಕೆಯಾಗುತ್ತದೆ; ಮಾಣಿಕ್ಯ, ನೀಲಗಳೂ ಅದರ ರೂಪಗಳೇ. ಚಿನ್ನದಂತೆ ಹೊಳೆಯುವ ಪೈರೈಟನ್ನೂ ಚಾಕು ಬಯಲು ಮಾಡುತ್ತದೆ: ಚಿನ್ನದ ಮೇಲೆ ಗೀರು ಬೀಳುತ್ತದೆ, ಪೈರೈಟ್ ಮೇಲೆ ಬೀಳುವುದಿಲ್ಲ.

1818ರಲ್ಲಿ ಮೋಹ್ಸ್ ತಮ್ಮ ಗುರು ವರ್ನರ್ ಅವರ ಪೀಠಕ್ಕೇ ಬಂದರು. 1826ರಲ್ಲಿ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾದರು. 1839ರಲ್ಲಿ ಪ್ರವಾಸದಲ್ಲಿದ್ದಾಗ ಇಟಲಿಯ ಅಗೋರ್ಡೊದಲ್ಲಿ ತೀರಿಕೊಂಡರು.

ಹೊರಲಕ್ಷಣಗಳ ಮೇಲೆ ಇಡೀ ಖನಿಜಲೋಕವನ್ನು ವಿಂಗಡಿಸುವುದು ಅವರ ದೊಡ್ಡ ಯೋಜನೆಯಾಗಿತ್ತು. ಅದು ನಿಲ್ಲಲಿಲ್ಲ; ವಿಜ್ಞಾನ ರಾಸಾಯನಿಕ ಸಂಯೋಜನೆಯ ದಾರಿ ಹಿಡಿಯಿತು. ಮಾಪಕಕ್ಕೂ ಮಿತಿಯಿದೆ. ಅದು ಕ್ರಮ ಹೇಳುತ್ತದೆ, ಅಳತೆಯನ್ನಲ್ಲ. ಕುರುಂದಕ್ಕಿಂತ ವಜ್ರ ಹಲವು ಪಟ್ಟು ಗಡಸು. ಆದರೂ ಇನ್ನೂರು ವರ್ಷ ದಾಟಿದ ಮೇಲೂ ಭೂವಿಜ್ಞಾನಿಯ ಚೀಲದಲ್ಲಿ ಉಳಿದಿರುವುದು ಈ ಸಣ್ಣ ಸಾಧನವೇ.

ಓದಿಗೆ ತಕ್ಕ ಕೆಲಸ ಸಿಗಲಿಲ್ಲ ಎಂದು ಕೊರಗುವ ನಮಗೆ ಇದು ನೆನಪಿರಲಿ. ಬೇರೆಯವರ ಕಲ್ಲುಗಳ ಪಟ್ಟಿ ಬರೆಯುವ ಕೆಲಸವನ್ನೂ ಮೋಹ್ಸ್ ಕಣ್ಣಿಟ್ಟು ಮಾಡಿದ್ದರು.