ಇಂಗ್ಲಿಷ್ ಕಲಿಸುತ್ತ ಕನ್ನಡ ಬೆಳೆಸಿದ ಆಚಾರ್ಯ ಬಿ.ಎಂ.ಶ್ರೀ.

ನಮ್ಮ ಆದವಾನಿ, ಆಲೂರು ಭಾಗದ ಕನ್ನಡ ಶಾಲೆಗಳಲ್ಲಿ ಓದಿ ಕಾಲೇಜು ಸೇರುವ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪದ್ಯಪಾಠವೆಂದರೆ ಅಂಜಿಕೆ. ಲಿರಿಕ್, ಓಡ್, ಎಲಿಜಿ, ಬ್ಯಾಲಡ್, ಬ್ಲ್ಯಾಂಕ್ ವರ್ಸ್ ಎಂಬ ಹೆಸರುಗಳು ಕೇಳಿದೊಡನೆಯೇ ಎದೆ ನಡುಗುತ್ತದೆ. ಹೆಚ್ಚಿನವರು ಅರ್ಥ ತಿಳಿಯದೆ ಉರು ಹೊಡೆಯುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿಸಿದ್ದರಿಂದಲೇ ಮಕ್ಕಳು ಹಿಂದೆ ಬೀಳುವರೇನೋ ಎಂದು ತಂದೆತಾಯಿಗಳೂ ಚಿಂತಿಸುತ್ತಾರೆ. ಈ ಚಿಂತೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಮಹನೀಯರೊಬ್ಬರಿದ್ದಾರೆ. ಅವರೇ ಕನ್ನಡದ ಕಣ್ವರೆಂದು ಹೆಸರಾದ ಬಿ.ಎಂ.ಶ್ರೀಕಂಠಯ್ಯನವರು.

ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಅವರ ಪೂರ್ವಿಕರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಬಾಲಕ ಶ್ರೀಕಂಠಯ್ಯನವರ ಮೊದಲ ಓದು ಅಲ್ಲಿಯೇ ಕಾವೇರಿಯ ದಡದಲ್ಲಿ ನಡೆಯಿತು. ಮುಂದೆ ಮೈಸೂರು, ಬೆಂಗಳೂರುಗಳಲ್ಲಿ ಓದಿ, ಮದರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನು ಪಡೆದರು. ವಕೀಲಿ ಕಸುಬನ್ನು ಹಿಡಿಯದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆ ಕಾಲದಲ್ಲಿ ಇಂಗ್ಲಿಷ್ ಬಲ್ಲವರಿಗೆ ಇದ್ದ ಮನ್ನಣೆ ಕನ್ನಡ ಬಲ್ಲವರಿಗೆ ಇರಲಿಲ್ಲ. ಓದಿದವರು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿಯೇ ಮಾತನಾಡಿಕೊಳ್ಳುತ್ತಿದ್ದರು. ಇಂತಹ ದಿನಗಳಲ್ಲಿ, 1911ರಲ್ಲಿ, ಈ ತರುಣ ಇಂಗ್ಲಿಷ್ ಅಧ್ಯಾಪಕರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತಿ ನಿಲ್ಲಬೇಕಾದ ಬಗೆಯನ್ನು ಕುರಿತು ಭಾಷಣ ಮಾಡಿದರು. ಅದು ಹೊಸಗನ್ನಡ ಸಾಹಿತ್ಯಕ್ಕೆ ದಾರಿ ತೋರಿದ ಭಾಷಣವೆಂದು ಇಂದಿಗೂ ನೆನೆಯಲಾಗುತ್ತದೆ.

ದಾರಿ ತೋರಿದರೆ ಸಾಲದು, ನಡೆದೂ ತೋರಿಸಬೇಕು. ಶ್ರೀಯವರು ತರಗತಿಯಲ್ಲಿ ಕಲಿಸುತ್ತಿದ್ದ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರಲು ಹೊರಟರು. ಆಗ ಎದುರಾದ ತೊಡಕನ್ನು ನಾವು ತಿಳಿಯಬೇಕು. ಇಂಗ್ಲಿಷ್ ಪದ್ಯವು ಉಚ್ಚಾರದ ಒತ್ತಿನ ಮೇಲೆ ನಡೆಯುತ್ತದೆ. ಒತ್ತಿಲ್ಲದ ಒಂದು ಅಕ್ಷರ, ಒತ್ತುಳ್ಳ ಒಂದು ಅಕ್ಷರ ಸೇರಿದರೆ ಅಲ್ಲಿ ಅಯಾಂಬ್ ಎಂಬ ಗಣವಾಗುತ್ತದೆ. ಕನ್ನಡ ಪದ್ಯವಾದರೋ ಮಾತ್ರೆಯ ಎಣಿಕೆಯ ಮೇಲೆ ನಡೆಯುವುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಪ್ರಾಸ ಸಾಮಾನ್ಯವಾಗಿ ಸಾಲಿನ ಕೊನೆಗೆ ಬಂದರೆ, ನಮ್ಮ ಹಳೆಯ ಕಾವ್ಯಗಳಲ್ಲಿ ಅದು ಸಾಲಿನ ಎರಡನೆಯ ಅಕ್ಷರಕ್ಕೆ ಬರಬೇಕೆಂಬ ಕಟ್ಟಳೆಯಿತ್ತು.

ಶ್ರೀಯವರು ಇಂಗ್ಲಿಷ್ ಒತ್ತನ್ನು ಕನ್ನಡದ ಮೇಲೆ ಹೇರಲಿಲ್ಲ. ನಮ್ಮ ಷಟ್ಪದಿ, ರಗಳೆ, ಹಾಡುಗಳಲ್ಲಿ ಮೊದಲಿನಿಂದ ಇದ್ದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನೇ ತೆಗೆದುಕೊಂಡು, ಸಾಲುಗಳನ್ನು ಹೊಸ ರೀತಿಯಲ್ಲಿ ಜೋಡಿಸಿದರು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ನಾವು ಕಾಣುವ ಮೂರು ನಾಲ್ಕರ ನಡೆ ಹೊಸ ಭಾವಗೀತೆಗೂ ಹೊಂದಿಕೊಂಡಿತು. ಎರಡನೆಯ ಅಕ್ಷರದ ಪ್ರಾಸದ ಕಟ್ಟು ಸಡಿಲಿ, ಅಂತ್ಯಪ್ರಾಸಕ್ಕೆ ಎಡೆಯಾಯಿತು. ಹೀಗೆ ಸಿದ್ಧವಾದ ‘ಇಂಗ್ಲಿಷ್ ಗೀತಗಳು’ ಸಂಗ್ರಹ 1920ರ ದಶಕದಲ್ಲಿ ತರುಣ ಕವಿಗಳ ಕೈಪಿಡಿಯಾಯಿತು. ನ್ಯೂಮನ್ ಬರೆದ ಬೆಳಕಿನ ಪ್ರಾರ್ಥನೆ, ನ್ಯಾಶ್ ಕವಿಯ ವಸಂತಗೀತೆ, ಬರ್ನ್ಸ್ ಕವಿಯ ಪ್ರೇಮಗೀತೆ ಇವೆಲ್ಲ ಕನ್ನಡದ ಹಾಡುಗಳೇ ಆಗಿಬಿಟ್ಟವು. ಸ್ಕಾಟ್ಲೆಂಡಿನ ಒಂದು ಬ್ಯಾಲಡ್‌ನಲ್ಲಿ ಬರುವ ಮುದುಕ ರಾಬಿನ್ ಗ್ರೇ ಕನ್ನಡದಲ್ಲಿ ರಾಮೇಗೌಡನಾದ. ಬ್ಯಾಲಡ್ ಎಂದರೆ ಕಥೆ ಹೇಳುವ ಹಾಡು. ನಮ್ಮ ಲಾವಣಿಯ ನೆಂಟ.

ಇಂಗ್ಲಿಷಿನ ಟ್ರ್ಯಾಜಿಡಿಗೆ ಕನ್ನಡದಲ್ಲಿ ರುದ್ರನಾಟಕವೆಂಬ ಹೆಸರು ನೆಲೆಗೊಂಡಿತು. ದೊಡ್ಡ ಗುಣಗಳುಳ್ಳ ನಾಯಕನು ತನ್ನೊಳಗಿನ ದೋಷದಿಂದಲೂ ವಿಧಿಯಿಂದಲೂ ನಾಶವಾಗುವ ಕಥೆ ಅದು. ಶ್ರೀಯವರು ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ರಚಿಸಿ ದುರ್ಯೋಧನನಲ್ಲಿ ಅಂತಹ ನಾಯಕನನ್ನು ತೋರಿಸಿದರು. ಗ್ರೀಕ್ ಕವಿ ಸೊಫೊಕ್ಲೀಸನ ‘ಅಯಾಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು.

1928ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಯವರೇ ಅಧ್ಯಕ್ಷರು. ನಮ್ಮ ಆದವಾನಿಯನ್ನು ಹಾದು ಹೋಗುವ ಮುಂಬಯಿ ರೈಲುದಾರಿಯ ಮೇಲೆಯೇ ಇರುವ ಆ ಊರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಮ್ಮ ಊರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿಗಳು ಬದಲಾದರೂ ಕನ್ನಡ ಓದುವ ಮನೆಗಳು ಇಲ್ಲಿ ಉಳಿದಿವೆ.

ಶ್ರೀಯವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದ ಕಾಲದಲ್ಲಿ, 1927ರಲ್ಲಿ, ಅಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು. ಕುವೆಂಪು ಅವರು ಆ ತರಗತಿಯಲ್ಲಿ ಓದಿದವರು. ಮುಂದೆ ಶ್ರೀಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ, 1942ರಲ್ಲಿ ನಿವೃತ್ತರಾದರು. ಆಮೇಲೂ ವಿಶ್ರಾಂತಿ ಬಯಸದೆ 1944ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಧಾರವಾಡಕ್ಕೆ ಹೋಗಿ ಕಾಲೇಜೊಂದರ ಪ್ರಾಂಶುಪಾಲರಾದರು. 1946ರ ಜನವರಿ 5ರಂದು ಅಲ್ಲಿಯೇ ಕಾಲವಾದರು. ಕರ್ನಾಟಕದ ಏಕೀಕರಣವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ವಿದ್ಯಾರ್ಥಿಗಳೇ, ಶ್ರೀಯವರ ಜೀವನದಿಂದ ನಾವು ಕಲಿಯಬೇಕಾದ ಒಂದು ಮಾತಿದೆ. ಇಂಗ್ಲಿಷಿನ ಪಾರಿಭಾಷಿಕ ಪದವೊಂದು ಬಂದಾಗ ಅದರ ಜೊತೆಗಾರನನ್ನು ಕನ್ನಡದಲ್ಲಿ ಹುಡುಕಿರಿ. ಲಿರಿಕ್ ನಮ್ಮ ಭಾವಗೀತೆ, ಓಡ್ ಪ್ರಗಾಥ, ಎಲಿಜಿ ಶೋಕಗೀತೆ, ಸಿಮಿಲಿ ಉಪಮೆ, ಮೆಟಫರ್ ರೂಪಕ. ಬ್ಲ್ಯಾಂಕ್ ವರ್ಸ್ ಓದುವಾಗ ಸರಳ ರಗಳೆಯನ್ನು ನೆನೆಯಿರಿ. ಎರಡರಲ್ಲಿಯೂ ಪ್ರಾಸವಿಲ್ಲ, ಲಯವಿದೆ. ಆದರೆ ಎಚ್ಚರವೂ ಬೇಕು. ಹೈಪರ್ಬೊಲಿಯನ್ನು ಉತ್ಪ್ರೇಕ್ಷೆ ಎಂದು ಬರೆದುಬಿಡುವವರುಂಟು. ಮಾತಿನಲ್ಲಿ ಅದು ಸರಿ. ಅಲಂಕಾರ ಶಾಸ್ತ್ರದಲ್ಲಿ ಮಾತ್ರ ಉತ್ಪ್ರೇಕ್ಷೆಯೆಂದರೆ ಒಂದನ್ನು ಮತ್ತೊಂದೆಂದು ಸಂಭಾವಿಸಿ ಹೇಳುವುದು. ಹೈಪರ್ಬೊಲಿಗೆ ಹತ್ತಿರವಾದುದು ಅತಿಶಯೋಕ್ತಿ. ಹೋಲಿಕೆಯ ಜೊತೆಗೆ ವ್ಯತ್ಯಾಸವನ್ನೂ ಗುರುತಿಸಿದಾಗಲೇ ಪದ ನಮ್ಮದಾಗುವುದು.

ಪೋಷಕರಲ್ಲಿಯೂ ನಮ್ಮದೊಂದು ವಿನಂತಿ. ಮನೆಯಲ್ಲಿ ಮಕ್ಕಳಿಂದ ಕನ್ನಡ ಪದ್ಯಗಳನ್ನು ಗಟ್ಟಿಯಾಗಿ ಓದಿಸಿರಿ. ಷಟ್ಪದಿಯ ಲಯ ಬಲ್ಲ ಕಿವಿಗೆ ಷೇಕ್ಸ್‌ಪಿಯರನ ಲಯ ಹಿಡಿಯುವುದು ಕಷ್ಟವಲ್ಲ. ಎರಡು ಭಾಷೆಗಳನ್ನೂ ಪ್ರೀತಿಸಿದವರು ಎರಡನ್ನೂ ಗೆಲ್ಲಬಲ್ಲರು ಎಂಬುದಕ್ಕೆ ಆಚಾರ್ಯ ಬಿ.ಎಂ.ಶ್ರೀಯವರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.