ಬಂಗಾರದ ಬಣ್ಣದಿಂದ ನೀರಿನ ಜರಡಿಗೆ: ಜಿಗ್ಮಂಡಿ ಎಂಬ ಹಟಮಾರಿ

ರಾವೂರ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಾ? ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ವಾಡಿಯ ಸಿಮೆಂಟಿಗೂ ಶಹಾಬಾದಿನ ಪರ್ಸಿಗೂ ಮೂಲವಾದ ಸುಣ್ಣದಕಲ್ಲೇ ನಮ್ಮ ಬೋರ್‌ವೆಲ್ ನೀರಿನಲ್ಲೂ ಕರಗಿ ಬರುತ್ತದೆ. ಅದಕ್ಕೇ ನಮ್ಮ ಕಡೆ ಶುದ್ಧ ಕುಡಿಯುವ ನೀರಿನ ಘಟಕ ಅಂದರೆ ರಾಜಕೀಯವಾಗಿ ಭಾರಿ ಲಾಭದ ವಸ್ತು. ಟೇಪು ಕತ್ತರಿಸಬಹುದು, ಫೋಟೊ ಹಾಕಬಹುದು, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆ ಡಬ್ಬದ ಒಳಗಿರುವ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಇವತ್ತು ಕೆಲಸ ಮಾಡ್ತಿದೆಯಾ ಅಂತ ಕೇಳುವವರು ಮಾತ್ರ ಕಡಿಮೆ.

ಇಂಥ ಪೊರೆಗಳ ಹಿರೀಕರಲ್ಲಿ ಒಬ್ಬ ರಿಚರ್ಡ್ ಜಿಗ್ಮಂಡಿ. ನೊಬೆಲ್ ಪಡೆದವನು, ಸತ್ತು ತೊಂಬತ್ತು ವರ್ಷದ ಮೇಲಾಯಿತು. ಕಣ್ಣಿಗೆ ಕಾಣದ್ದರ ಬಗ್ಗೆ ಬಾಯಿಮಾತಿನಲ್ಲಿ ವಾದ ಮಾಡುವುದು ಬಿಟ್ಟು, ಅದನ್ನು ಕಾಣಿಸುವ ಸಾಧನವನ್ನೇ ಕಟ್ಟಿದಾತ.

ಜಿಗ್ಮಂಡಿ ಹುಟ್ಟಿದ್ದು 1865ರ ಏಪ್ರಿಲ್ 1ರಂದು, ವಿಯೆನ್ನಾದಲ್ಲಿ. ಅಪ್ಪ ಹಲ್ಲಿನ ವೈದ್ಯ. ಹುಡುಗನಿಗೆ ಹದಿನೈದು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು, ನಾಲ್ವರು ಗಂಡುಮಕ್ಕಳನ್ನು ದಡ ಹತ್ತಿಸಿದ್ದು ತಾಯಿ. ಅಣ್ಣಂದಿರಾದ ಎಮಿಲ್ ಮತ್ತು ಒಟ್ಟೊ ಹೆಸರಾಂತ ಪರ್ವತಾರೋಹಿಗಳು. ಎಮಿಲ್ 1885ರಲ್ಲಿ ಫ್ರಾನ್ಸಿನ ಮೇಯ್ಜ್ ಪರ್ವತದಲ್ಲಿ ಬಿದ್ದು ಸತ್ತ. ತಮ್ಮ ಕಾರ್ಲ್ ಗಣಿತಜ್ಞ. ಗಣಿತದ ಒಲಿಂಪಿಯಾಡ್‌ಗೆ ತಯಾರಿ ಮಾಡಿದವರು ಕೇಳಿರುವ ಜಿಗ್ಮಂಡಿ ಪ್ರಮೇಯ ಅವನದು.

ರಿಚರ್ಡ್‌ಗೆ ಹಿಡಿದದ್ದು ಬಣ್ಣದ ಹುಚ್ಚು. ಗಾಜಿಗೆ ಒಂಚೂರು ಬಂಗಾರ ಸೇರಿಸಿದರೆ ಅದು ಮಾಣಿಕ್ಯದ ಹಾಗೆ ಕೆಂಪಾಗುತ್ತದೆ. ಬಂಗಾರದ ದ್ರಾವಣಕ್ಕೆ ತವರದ ಲವಣ ಬೆರೆಸಿದರೆ ನೇರಳೆ ಪುಡಿ ಸಿಗುತ್ತದೆ. ಯುರೋಪಿನ ಕುಶಲಕರ್ಮಿಗಳಿಗೆ ಇದು ಹದಿನೇಳನೇ ಶತಮಾನದಿಂದಲೂ ಗೊತ್ತು. ಆದರೆ ಅದರೊಳಗೆ ಇರುವುದು ಏನು? ಹೊಸ ಸಂಯುಕ್ತವೋ, ಬರೀ ಮಿಶ್ರಣವೋ? ದೊಡ್ಡ ದೊಡ್ಡ ರಸಾಯನತಜ್ಞರು ಇದಕ್ಕಾಗಿ ಕಿತ್ತಾಡುತ್ತಿದ್ದರು. ಜಿಗ್ಮಂಡಿ ಗ್ರಾಜ್‌ನಲ್ಲಿ ಪಾಠ ಮಾಡಿ, 1897ರಲ್ಲಿ ಯೇನಾದ ಶಾಟ್ ಗಾಜಿನ ಕಾರ್ಖಾನೆ ಸೇರಿದ. ಮರುವರ್ಷ, ಆ ನೇರಳೆ ಪುಡಿ ಅತಿಸಣ್ಣ ಬಂಗಾರದ ಕಣಗಳೂ ತವರದ ಆಮ್ಲವೂ ಬೆರೆತ ಮಿಶ್ರಣ ಅಂತ ತೋರಿಸಿದ. ಎಲ್ಲರೂ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ, ಕಣ ಯಾರಿಗೂ ಕಾಣುತ್ತಿರಲಿಲ್ಲವಲ್ಲ.

1900ರಲ್ಲಿ ಕಾರ್ಖಾನೆಯ ಕೆಲಸ ಬಿಟ್ಟ. ಸಂಬಳದ ಹುದ್ದೆ ಬಿಟ್ಟು ಸ್ವಂತ ಸಂಶೋಧನೆಗೆ ಕೂತ ಆ ಏಳೆಂಟು ವರ್ಷಗಳೇ ನನ್ನ ಲೆಕ್ಕದಲ್ಲಿ ಆತನ ಬದುಕಿನ ತಿರುಳು. ಝೈಸ್ ಕಂಪನಿಯ ಭೌತವಿಜ್ಞಾನಿ ಹೆನ್ರಿ ಸೀಡೆಂಟೋಫ್ ಜೊತೆ ಸೇರಿ 1902-03ರಲ್ಲಿ ಅಲ್ಟ್ರಾಮೈಕ್ರೋಸ್ಕೋಪ್ ಕಟ್ಟಿದ. ಅದರ ಉಪಾಯ ನಮ್ಮ ಕಲ್ಲಿನ ಮನೆಗಳ ಬೆಳಕಿಂಡಿಯಲ್ಲೇ ಇದೆ. ಕತ್ತಲ ಕೋಣೆಗೆ ಬಿಸಿಲುಕೋಲು ಇಳಿದಾಗ ಪಕ್ಕದಿಂದ ನೋಡಿದರೆ ದೂಳಿನ ಕಣ ಹೊಳೆಯುತ್ತದೆ, ಅಲ್ವಾ? ಹಾಗೆಯೇ ದ್ರಾವಣಕ್ಕೆ ಪಕ್ಕದಿಂದ ತೀಕ್ಷ್ಣ ಬೆಳಕು ಹಾಯಿಸಿ, ಅಡ್ಡಲಾಗಿ ಸೂಕ್ಷ್ಮದರ್ಶಕ ಇಟ್ಟು ನೋಡುವುದು. ಕಣದ ಆಕಾರ ಗೊತ್ತಾಗುವುದಿಲ್ಲ, ಇರುವಿಕೆ ಗೊತ್ತಾಗುತ್ತದೆ. ಹತ್ತು ನ್ಯಾನೋಮೀಟರಿಗಿಂತ ಚಿಕ್ಕ ಬಂಗಾರದ ಕಣಗಳೂ ನಕ್ಷತ್ರದ ಹಾಗೆ ಮಿನುಗುತ್ತಾ, ಎಡೆಬಿಡದೆ ಕುಣಿಯುತ್ತಾ ಕಂಡವು. ಎಣಿಸಬಹುದಿತ್ತು. ವಾದ ಅಲ್ಲಿಗೆ ಮುಗಿಯಿತು.

ಅದೇ ಹೊತ್ತಿಗೆ, 1903ರಲ್ಲಿ, ಲೌರಾ ಮ್ಯೂಲರ್ ಜೊತೆ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳು. ಕೆಲವೇ ವರ್ಷಗಳಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯ ಕರೆದು ಪ್ರಾಧ್ಯಾಪಕನನ್ನಾಗಿ ಮಾಡಿತು. ಕಡೆಯವರೆಗೂ ಅಲ್ಲೇ.

ಕಂಡ ಮೇಲೆ ಮುಂದಿನ ಕೆಲಸ ಬೇರ್ಪಡಿಸುವುದು. ಫ್ರಾಂಕ್‌ಫರ್ಟ್‌ನ ಹೈನ್ರಿಚ್ ಬೆಕ್‌ಹೋಲ್ಡ್ ಆಗಲೇ ಸೋಸುಕಾಗದಕ್ಕೆ ಕೊಲೋಡಿಯನ್ ತುಂಬಿ, ಒತ್ತಡ ಹಾಕಿ ಸೋಸುವುದನ್ನು ಶುರುಮಾಡಿ ಅಲ್ಟ್ರಾಫಿಲ್ಟ್ರೇಷನ್ ಅಂತ ಹೆಸರಿಟ್ಟಿದ್ದ. ಜಿಗ್ಮಂಡಿ ಮತ್ತು ವಿಲ್ಹೆಲ್ಮ್ ಬಾಖ್‌ಮನ್ ಸೆಲ್ಯುಲೋಸ್‌ನ ದ್ರಾವಣವನ್ನು ತೆಳ್ಳಗೆ ಹರಡಿ, ಆರುವ ರೀತಿಯನ್ನು ಹದ್ದುಬಸ್ತಿನಲ್ಲಿಟ್ಟು, ರಂಧ್ರದ ಗಾತ್ರ ಹೆಚ್ಚುಕಡಿಮೆ ಒಂದೇ ಥರ ಇರುವ ಪೊರೆ ಮಾಡಿ 1918ರಲ್ಲಿ ಪ್ರಕಟಿಸಿದರು. ಇಷ್ಟು ಗಾತ್ರದ ರಂಧ್ರ ಬೇಕು ಅಂದರೆ ಅಷ್ಟೇ ಗಾತ್ರದ್ದು, ನಾಳೆ ಮತ್ತೆ ಮಾಡಿದರೂ ಅದೇ. ನನ್ನೊಳಗಿನ ಎಂಜಿನಿಯರ್‌ಗೆ ಅಲ್ಟ್ರಾಮೈಕ್ರೋಸ್ಕೋಪಿಗಿಂತ ಇದೇ ದೊಡ್ಡದು.

1925ರ ರಸಾಯನಶಾಸ್ತ್ರದ ನೊಬೆಲ್ ಆ ವರ್ಷ ಯಾರಿಗೂ ಸಿಗಲಿಲ್ಲ. ಮರುವರ್ಷ ಹಿಂದಿನ ಲೆಕ್ಕದಲ್ಲಿ ಜಿಗ್ಮಂಡಿಗೆ ಕೊಟ್ಟರು. 1927ರಲ್ಲಿ ಗಾಟಿಂಗೆನ್‌ನಲ್ಲೇ ಸಾರ್ಟೋರಿಯಸ್ ಜೊತೆಗೆ ಪೊರೆ ತಯಾರಿಸುವ ಕಂಪನಿ ಶುರುವಾಯಿತು. 1929ರಲ್ಲಿ ನಿವೃತ್ತಿ, ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್ 23ರಂದು, ಸಾವು.

ಪೊರೆಯ ರಾಜಕೀಯ ಶುರುವಾದದ್ದು ಆಮೇಲೆ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಜರ್ಮನಿಯ ಊರುಗಳ ನೀರಿನ ವ್ಯವಸ್ಥೆ ಹಾಳಾದಾಗ, ನೀರಿನಲ್ಲಿ ರೋಗಾಣು ಇದೆಯೋ ಇಲ್ಲವೋ ಬೇಗ ಹೇಳಲು ಈ ಪೊರೆ ಬಳಸಿದರು. ಯುದ್ಧ ಮುಗಿದದ್ದೇ ಅಮೆರಿಕನ್ನರು ಆ ತಂತ್ರವನ್ನು ಅಧ್ಯಯನ ಮಾಡಿ ಹೊತ್ತೊಯ್ದರು. 1954ರಲ್ಲಿ ಶುರುವಾದ ಮಿಲಿಪೋರ್ ಕಂಪನಿ ಅದರ ಫಲ. ಇವತ್ತಿಗೂ ಪರೀಕ್ಷೆ ಅದೇ: 100 ಮಿಲಿಲೀಟರ್ ನೀರನ್ನು 0.45 ಮೈಕ್ರಾನ್ ಪೊರೆಯಲ್ಲಿ ಸೋಸಿ, ಪೊರೆಯನ್ನು ಬೆಚ್ಚಗಿಟ್ಟು, ಒಂದು ದಿನದ ನಂತರ ಬೆಳೆದ ಚುಕ್ಕೆ ಎಣಿಸುವುದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಆ 100 ಮಿಲಿಲೀಟರಿನಲ್ಲಿ ಇ-ಕೋಲಿ ಒಂದೂ ಸಿಗಬಾರದು.

ಈ ವಂಶದ ಇನ್ನೊಂದು ಕುಡಿ ಸ್ಟರ್ಡ್ ಸೆಲ್. ಕೆಮಿಕಲ್ ಎಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ನನಗೆ ಇಷ್ಟವಾಗಿದ್ದ ಸಾಧನ. ಚೊಂಬಿನಷ್ಟು ದೊಡ್ಡ ಸಿಲಿಂಡರ್, ತಳದಲ್ಲಿ ಬಿಲ್ಲೆಯಂಥ ಪೊರೆ, ಮೇಲಿನಿಂದ ನೈಟ್ರೋಜನ್ ಒತ್ತಡ. ಪೊರೆಗೆ ತಾಗದ ಹಾಗೆ ತುಸು ಮೇಲೆ ಒಂದು ಅಯಸ್ಕಾಂತದ ಕಡ್ಡಿ ತಿರುಗುತ್ತಿರುತ್ತದೆ. ಏಕೆ ತಿರುಗಬೇಕು? ನೀರು ಪೊರೆ ದಾಟಿ ಹೋಗುತ್ತದೆ, ಕೊಳೆ ಅದರ ಮೇಲೇ ಗುಡ್ಡೆ ಬೀಳುತ್ತದೆ. ಕಡ್ಡಿ ನಿಲ್ಲಿಸಿ ನೋಡಿ, ಹನಿ ಬೀಳುವ ವೇಗ ಕಣ್ಣೆದುರೇ ಇಳಿಯುತ್ತದೆ. ಪೊರೆ ಎಷ್ಟು ನೀರು ಬಿಡುತ್ತದೆ, ಯಾವ ಗಾತ್ರದ್ದನ್ನು ತಡೆಯುತ್ತದೆ, ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ ಎನ್ನುವುದನ್ನು ಕೋಟಿಗಟ್ಟಲೆ ಟೆಂಡರ್ ಕರೆಯುವ ಮುಂಚೆ ಒಂದು ಲೋಟ ನೀರಿನಲ್ಲೇ ಅಂದಾಜು ಮಾಡಬಹುದು.

ನಮ್ಮ ಕಡೆಗೆ ಇದು ಬರೀ ಪಾಠವಲ್ಲ. ಅಲ್ಟ್ರಾಫಿಲ್ಟರ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಕರಗಿದ ಸುಣ್ಣವನ್ನಲ್ಲ. ಅದಕ್ಕೆ ಇನ್ನೂ ಬಿಗಿಯಾದ ಆರ್‌ಒ ಪೊರೆ ಬೇಕು. ಆ ಆರ್‌ಒ ಪೊರೆಯ ಮೇಲೆ ಇದೇ ಸುಣ್ಣ ಪಾತ್ರೆಯ ತಳದ ಹಾಗೆ ಪದರಗಟ್ಟುತ್ತದೆ. ಅಂದರೆ ರಾವೂರ, ವಾಡಿಯಂಥ ಊರುಗಳಲ್ಲಿ ಘಟಕಕ್ಕೆ ಮೆದು ನೀರಿನ ಊರಿಗಿಂತ ಹೆಚ್ಚು ಆರೈಕೆ ಬೇಕು. ಟೆಂಡರಿನಲ್ಲಿ ಎಲ್ಲ ಊರಿಗೂ ಒಂದೇ ಡಬ್ಬ ಅಂದರೆ, ನೀರನ್ನು ನೋಡದೆ ಮದ್ದು ಬರೆದ ಹಾಗೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಎರಡು ಕಡೆಯೂ ನೀರಿನ ಸ್ಯಾಂಪಲ್ ಸುದ್ದಿಯಾದದ್ದು ಹೆಣ ಬಿದ್ದ ಮೇಲೆ.

ಪರೀಕ್ಷೆಗೆ ಗಾಟಿಂಗೆನ್‌ವರೆಗೆ ಹೋಗಬೇಕಿಲ್ಲ. ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕು. ಬ್ಯಾಕ್ಟೀರಿಯಾ ಪತ್ತೆಗೆ ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ಎಚ್‌ಟುಎಸ್ ಬಾಟಲಿ ಇದೆ: ನೀರು ತುಂಬಿಸಿ ಬೆಚ್ಚಗಿಡಿ, ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರನ್ನು ನಂಬಬೇಡಿ. ಮುಂದಿನ ಗ್ರಾಮಸಭೆಗೆ ಹೋದಾಗ ಘಟಕದ ಪೊರೆ ಬದಲಿಸಿದ ತಾರೀಕು ಕೇಳಿ. ಜೊತೆಗೆ ಆ ಬಾಟಲಿಗಳು ಯಾರ ಕಪಾಟಿನಲ್ಲಿವೆ ಅಂತಲೂ ಕೇಳಿ.