ತೆಂಗಿನ ಸೀಮೆಯಿಂದ ಬಂದ ಓದುಗ: ತೀ.ನಂ. ಶ್ರೀಕಂಠಯ್ಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕರಾವಳಿಯವರಾದ ನಮಗೆ ನೆನಪಾಗುವುದು ಕೊಬ್ಬರಿ. ನಾವು ತೆಂಗಿನಕಾಯಿ ಒಡೆದು ಅಂಗಳದಲ್ಲಿ ಒಣಗಿಸುತ್ತೇವೆ. ಅಲ್ಲಿನವರು ಇಡೀ ಕಾಯಿಯನ್ನೇ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಆ ಸೀಮೆಯ ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದಲ್ಲಿ 1906ರ ನವೆಂಬರ್ 26ರಂದು ಜನಿಸಿದವರು ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ಕನ್ನಡಿಗರಿಗೆ ಅವರು ತೀ.ನಂ.ಶ್ರೀ.

ಇವರ ಬಗ್ಗೆ ಬರೆಯಲು ಒಂದು ಕಾರಣವಿದೆ. ನಮಗೆ ಕವನ, ಲೇಖನ ಕಳುಹಿಸುವ ಯುವಜನರಲ್ಲಿ ಕೆಲವರು, ಬರೆಯುವ ಮುಂಚೆ ಏನನ್ನು ಓದಬೇಕು ಎಂದು ಕೇಳುತ್ತಾರೆ. ಇನ್ನು ಕೆಲವರು, ಹೆಚ್ಚು ಓದಿದರೆ ಸ್ವಂತಿಕೆ ಹೋಗುವುದಿಲ್ಲವೇ ಎಂದು ಅಂಜುತ್ತಾರೆ. ಎರಡೂ ಪ್ರಶ್ನೆಗಳು ತೀ.ನಂ.ಶ್ರೀ. ಅವರ ಬದುಕಿನಲ್ಲೇ ಇವೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ವಿದ್ಯಾವಂತರಿಗೆ ಇಂಗ್ಲಿಷೇ ಸರ್ವಸ್ವ. ಅದೇ ಇಂಗ್ಲಿಷನ್ನು ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲೇ ಧಾರವಾಡದಲ್ಲಿ ಕನ್ನಡ ತಲೆ ಎತ್ತುವ ಬಗೆಯ ಕುರಿತು ಉಪನ್ಯಾಸ ಮಾಡಿದ್ದರು. ಮುಂದೆ ಇಂಗ್ಲಿಷ್ ಭಾವಗೀತೆಗಳನ್ನು ಕನ್ನಡಕ್ಕೆ ತಂದು 'ಇಂಗ್ಲಿಷ್ ಗೀತಗಳು' ಪ್ರಕಟಿಸಿದರು. ಆ ತಲೆಮಾರಿನ ತರುಣ ಬರಹಗಾರರ ಮೇಲೆ ಈ ಪುಟ್ಟ ಪುಸ್ತಕ ಬೀರಿದ ಪ್ರಭಾವ ದೊಡ್ಡದು. ತೀ.ನಂ.ಶ್ರೀ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದರು, ಅಷ್ಟಕ್ಕೆ ನಿಲ್ಲದೆ ಕನ್ನಡದಲ್ಲೂ ಎಂ.ಎ. ಮಾಡಿದರು. ಒಂದು ಕಡೆ ಇಂಗ್ಲಿಷ್ ಕವಿಗಳು, ಇನ್ನೊಂದು ಕಡೆ ಪಂಪ, ರನ್ನ, ಹರಿಹರ. ಇವೆರಡರ ಹಿಂದೆ ಸಂಸ್ಕೃತ, ಪ್ರಾಕೃತಗಳ ಕಾವ್ಯರಾಶಿ.

ಯೌವನದಲ್ಲಿ ಅವರು ಕವಿ. 'ಒಲುಮೆ' ಎಂಬ ಪ್ರೇಮಗೀತೆಗಳ ಸಂಕಲನ ಹೊಸಗನ್ನಡದಲ್ಲಿ ಆ ಬಗೆಯ ಕವಿತೆಗೆ ದಾರಿ ತೆರೆದ ಪುಸ್ತಕಗಳಲ್ಲೊಂದು. ವಿಶಾಖದತ್ತನ ಮುದ್ರಾರಾಕ್ಷಸ ನಾಟಕವನ್ನು 'ರಾಕ್ಷಸನ ಮುದ್ರಿಕೆ' ಎಂದು ಗದ್ಯಕಥೆಯಾಗಿಸಿದರು. 'ನಂಟರು' ಪ್ರಬಂಧ ಸಂಕಲನದಲ್ಲಿ ಅವರ ನಗೆಯ ಮುಖ ಕಾಣುತ್ತದೆ. ಆದರೆ ವರ್ಷಗಳು ಕಳೆದಂತೆ ಕವಿ ಹಿಂದೆ ಸರಿದು ವಿದ್ವಾಂಸ ಮುಂದೆ ಬಂದ. ಓದು ಕವಿಯನ್ನು ನುಂಗಿತೇ? ಸ್ವಲ್ಪ ಮಟ್ಟಿಗೆ ಹೌದು ಎಂದೇ ನಮಗನಿಸುತ್ತದೆ. ಒಂದಿಷ್ಟು ಒಳ್ಳೆಯ ಕವಿತೆಗಳು ನಮಗೆ ದಕ್ಕದೆ ಹೋಗಿರಬಹುದು.

ಅದರ ಬದಲಿಗೆ ದಕ್ಕಿದ್ದು 1953ರ 'ಭಾರತೀಯ ಕಾವ್ಯಮೀಮಾಂಸೆ'. ಭರತನ ರಸ, ಭಾಮಹ-ದಂಡಿಗಳ ಅಲಂಕಾರ, ವಾಮನನ ರೀತಿ, ಆನಂದವರ್ಧನನ ಧ್ವನಿ, ಕುಂತಕನ ವಕ್ರೋಕ್ತಿ, ಕ್ಷೇಮೇಂದ್ರನ ಔಚಿತ್ಯ ಇವೆಲ್ಲ ಅದುವರೆಗೆ ಸಂಸ್ಕೃತ ಬಲ್ಲವರ ಸೊತ್ತಾಗಿದ್ದವು. ಕನ್ನಡ ಮಾತ್ರ ಬಲ್ಲವನಿಗೂ ತಿಳಿಯುವಂತೆ ಅವನ್ನು ಒಂದೇ ಕಡೆ ಬಿಡಿಸಿಟ್ಟವರು ತೀ.ನಂ.ಶ್ರೀ. ಪದ್ಯವೊಂದು ಏಕೆ ಹಿಡಿಸಿತು ಎಂದು ಹೇಳಲು ತಡಕಾಡುವ ಹೊಸ ಬರಹಗಾರನಿಗೆ ಇದರಿಂದ ಮಾತು ಸಿಕ್ಕಿತು. ನಾವು ಸೆಮಿನರಿಯಲ್ಲಿ ಇದನ್ನು ಮೊದಲು ಕೈಗೆತ್ತಿಕೊಂಡಾಗ ಇಪ್ಪತ್ತು ಪುಟ ದಾಟಲಿಲ್ಲ. ಬೋಧನೆ ಬರೆಯುವ ಕಷ್ಟ ಗೊತ್ತಾದ ಮೇಲೆ ಮತ್ತೆ ತೆರೆದೆವು, ಆಗ ಬಿಡಲಾಗಲಿಲ್ಲ.

ಶಾಲೆಯ ಮಕ್ಕಳನ್ನೂ ಅವರು ಮರೆತವರಲ್ಲ. 'ಕನ್ನಡ ಮಧ್ಯಮ ವ್ಯಾಕರಣ' ಹಲವು ತಲೆಮಾರುಗಳ ಕೈಪಿಡಿಯಾಯಿತು. ಭಾಷಾಶಾಸ್ತ್ರದಲ್ಲಿ ಅವರ ಹೆಸರು ನಿಂತದ್ದು ಕನ್ನಡದ ಸ್ವರಗಳ ಬದಲಾವಣೆಯನ್ನು ಕುರಿತ ಬರಹದಿಂದ. ತಮಿಳಿನ ಇಲೈ, ಕುಡೈ ಕನ್ನಡದಲ್ಲಿ ಎಲೆ, ಕೊಡೆ ಆಗುವ ಬಗೆ ಅದರ ವಿಷಯ. ತುಳುವಿನಲ್ಲಿ ಇರೆ ಎನ್ನುವ ನಮ್ಮವರಿಗೆ ಇದು ಕುತೂಹಲದ ವಿಚಾರವೇ. ಸಂವಿಧಾನದ ಪಾರಿಭಾಷಿಕ ಪದಗಳನ್ನು ನಿರ್ಧರಿಸುವಾಗ ರಾಷ್ಟ್ರಪತಿ ಎಂಬ ಪದವನ್ನು ಸೂಚಿಸಿದವರು ಇವರೇ ಎಂದು ಕನ್ನಡನಾಡಿನಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಕಾಂಗ್ರೆಸ್ ಅಧ್ಯಕ್ಷರನ್ನು ಅದಕ್ಕೆ ಮೊದಲೇ ಹಾಗೆ ಕರೆಯುವ ರೂಢಿಯಿತ್ತು ಎಂಬುದನ್ನೂ ನೆನಪಿಡಬೇಕು.

ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಪಾಠ ಹೇಳಿದ ಅವರ ಓದು ಶಿಷ್ಯರಿಗೂ ಹರಿಯಿತು. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ನಡೆಸಿ ಡಾಕ್ಟರೇಟ್ ಪಡೆದದ್ದು ಇವರ ಮಾರ್ಗದರ್ಶನದಲ್ಲೇ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೂ ಅವರು ದುಡಿದರು. ಎಂಟು ಸಂಪುಟಗಳ ಆ ಕೆಲಸ ಮುಗಿದದ್ದು 1995ರಲ್ಲಿ. ತೀ.ನಂ.ಶ್ರೀ. 1966ರಲ್ಲೇ ತೀರಿಕೊಂಡಿದ್ದರು.

ಕವಿ ಪೂರ್ತಿ ಮರೆಯಾಗಲಿಲ್ಲ ಎಂಬುದಕ್ಕೆ 'ಬಿಡಿಮುತ್ತು' ಸಾಕ್ಷಿ. ಸಂಸ್ಕೃತ, ಪ್ರಾಕೃತಗಳ ಬಿಡಿ ಪದ್ಯಗಳನ್ನು ಅವರು ಕನ್ನಡಿಸಿದ ಪುಸ್ತಕವದು. ಏನನ್ನು ಓದಲಿ ಎಂದು ಕೇಳುವ ಯುವಜನರಿಗೆ ನಾವು ಮೊದಲು 'ನಂಟರು', ಆಮೇಲೆ 'ಬಿಡಿಮುತ್ತು' ಹೇಳುತ್ತೇವೆ. 'ಭಾರತೀಯ ಕಾವ್ಯಮೀಮಾಂಸೆ' ದಪ್ಪ ಪುಸ್ತಕ. ಅದಕ್ಕೆ ಒಂದು ಮಳೆಗಾಲವನ್ನೇ ತೆಗೆದಿಡಬೇಕು.